ಕಾಲು ಚಾಚಿದಷ್ಟು ಹೆದ್ದಾರಿ

ಮಕ್ಕಳು ಪಿಯುಸಿ ಮುಗಿಸುವ ಹೊತ್ತಿಗೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಎರಡು ಮಾತು ತಪ್ಪದೆ ಏಳುತ್ತವೆ. ಒಂದು ಸಿಇಟಿ, ಇನ್ನೊಂದು ಬೈಕು. ಮೊದಲನೆಯದಕ್ಕೆ ಅಪ್ಪ-ಅಮ್ಮ ಹಟ ಹಿಡಿಯುತ್ತಾರೆ, ಎರಡನೆಯದಕ್ಕೆ ಮಗ. ಈಚೆಗೆ ಮಗಳೂ ಹಿಡಿಯುವುದುಂಟು. ಮೈಲೇಜು ಚೆನ್ನಾಗಿ ಕೊಡುವ ನೂರು ಸಿ.ಸಿ. ಗಾಡಿ ತೋರಿಸಿದರೆ ಮೂಗು ಮುರಿಯುವ ಈ ಹುಡುಗರ ಕಣ್ಣು ಬಿದ್ದಿರುವುದು ಷೋರೂಮಿನ ಗಾಜಿನ ಹಿಂದೆ ಹೊಳೆಯುತ್ತ ನಿಂತ, ತಗ್ಗು ಸೀಟಿನ, ಅಗಲ ಹ್ಯಾಂಡಲ್ಲಿನ ಕ್ರೂಸರ್ ಮೇಲೆ. ಅದರ ಮೇಲೆ ಕೂತು, ಕಾಲು ಮುಂದಕ್ಕೆ ಚಾಚಿ, ಬೆಂಗಳೂರಿನಿಂದ ಎಲ್ಲಾದರೂ ದೂರ ಹೋಗಬೇಕು. ಎಲ್ಲಿಗೆ ಎಂಬುದು ಆಮೇಲಿನ ವಿಷಯ.

ನಮ್ಮ ಮನೆಯಲ್ಲಿ ಈ ಜಗಳ ಸ್ವಲ್ಪ ಬೇರೆ ಥರ ನಡೆಯಿತು. ಏಕೆಂದರೆ ಗಾಡಿ ಆಗಲೇ ಮನೆಯಲ್ಲಿತ್ತು, ಅದು ನನ್ನದು. ಮುನ್ನೂರೈವತ್ತು ಸಿ.ಸಿ.ಯ ಕ್ರೂಸರ್. ಮಗನಿಗೆ ಹತ್ತೊಂಬತ್ತು ತುಂಬಿತ್ತು, ಲೈಸೆನ್ಸು ಕೈಗೆ ಬಂದು ವರ್ಷವಾಗಿತ್ತು. ಗೆಳೆಯರ ಜೊತೆ ಬಾದಾಮಿಗೆ ಹೋಗಿಬರುತ್ತೇನೆ, ಗಾಡಿ ಕೊಡಿ ಅಂದ. ಅವನ ಅಮ್ಮ ಆಗದು ಅಂದಳು. ನಾನು ಒಂದು ಷರತ್ತು ಹಾಕಿದೆ: ಮೊದಲು ಹಂಪಿಯವರೆಗೆ ನೀನು ಓಡಿಸು, ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ಅಲ್ಲಿಂದ ಬಂದ ಮೇಲೆ ಬಾದಾಮಿಯ ಮಾತು. ಹತ್ತೊಂಬತ್ತರ ಹುಡುಗನಿಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಮುನ್ನೂರ ನಲವತ್ತು ಕಿಲೋಮೀಟರ್ ಹೋಗುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆದರೂ ಒಪ್ಪಿದ. ಅಷ್ಟು ಆಸೆ ಇತ್ತು ಅನ್ನಿ.

ಕ್ರೂಸರ್ ಹುಟ್ಟಿದ್ದು ಅಮೆರಿಕದಲ್ಲಿ. ಇಂಡಿಯನ್ ಎಂಬ ಕಂಪನಿ 1901ರಲ್ಲೂ ಹಾರ್ಲೆ-ಡೇವಿಡ್ಸನ್ 1903ರಲ್ಲೂ ಅಲ್ಲಿ ಶುರುವಾದವು. ತಿರುವೇ ಇಲ್ಲದೆ ಗಂಟೆಗಟ್ಟಲೆ ನೇರ ಹೋಗುವ ರಸ್ತೆಗಳ ದೇಶ ಅದು. ಅಂಥ ರಸ್ತೆಗೆ ಬೇಕಾದದ್ದು ಚುರುಕಾಗಿ ಹಾರುವ ಗಾಡಿಯಲ್ಲ. ಒಂದೇ ವೇಗದಲ್ಲಿ, ಎಂಜಿನ್ನನ್ನು ಗೋಳಾಡಿಸದೆ, ದಿನವಿಡೀ ಸಾಗುವ ಗಾಡಿ. ಹಾಗಾಗಿ ಎರಡು ಚಕ್ರಗಳ ನಡುವೆ ಅಂತರ ಹೆಚ್ಚು, ಸೀಟು ತಗ್ಗು, ಕಾಲು ಮುಂದೆ, ಹ್ಯಾಂಡಲ್ ಎದೆಯ ಹತ್ತಿರಕ್ಕೆ. ನಮ್ಮಲ್ಲಿ ಸಾಮಾನ್ಯ ಬೈಕಿನ ಚಕ್ರಗಳ ಅಂತರ 1,240 ಮಿಲಿಮೀಟರ್ ಆಸುಪಾಸು ಇದ್ದರೆ, ಈ ಗಾಡಿಗಳದ್ದು 1,400ರ ಸುಮಾರು. ಆ ಒಂದು ಗೇಣಿನ ವ್ಯತ್ಯಾಸವೇ ನೇರ ರಸ್ತೆಯಲ್ಲಿ ಗಾಡಿಯನ್ನು ಹಳಿಯ ಮೇಲಿನ ರೈಲಿನಂತೆ ನಿಲ್ಲಿಸುತ್ತದೆ, ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಯು-ತಿರುವು ಹೊಡೆಯುವಾಗ ಬೆವರೂ ಇಳಿಸುತ್ತದೆ.

ಭಾರತದಲ್ಲಿ ಇದರ ಕಥೆ ತಡವಾಗಿ ಶುರುವಾಯಿತು. ನಮ್ಮ ಕಾಲದ ಕನಸು ಬುಲೆಟ್, ಇಲ್ಲವೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಿಕ್ ಹೊಡೆಯುವ ಕೋಲನ್ನೇ ಕೆಳಗೆ ಮಡಚಿ ಗೇರಿಗೂ ಬಳಸುತ್ತಿದ್ದ ಆ ಗಾಡಿಗಳ ಸದ್ದು ಹಳೇ ಮೈಸೂರಿನವರಿಗೆ ಇವತ್ತಿಗೂ ದೂರದಿಂದಲೇ ಗೊತ್ತಾಗುತ್ತದೆ. ಅವು ಗಟ್ಟಿ ಗಾಡಿಗಳು ನಿಜ, ಕ್ರೂಸರ್ ಅಲ್ಲ. ಕ್ರೂಸರ್ ಎಂಬ ಜಾತಿ ಮಧ್ಯಮ ವರ್ಗದ ಕೈಗೆ ಎಟುಕಿದ್ದು 2001ರಲ್ಲಿ ಕವಾಸಾಕಿ ಬಜಾಜ್ ಎಲಿಮಿನೇಟರ್, 2002ರಲ್ಲಿ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರಲ್ಲಿ ಬಜಾಜ್ ಅವೆಂಜರ್ ಬಂದ ಮೇಲೆ. ಥಂಡರ್‌ಬರ್ಡಿನ ಜಾಗಕ್ಕೆ 2020ರಲ್ಲಿ ಮೀಟಿಯರ್ ಬಂತು.

ಅಂಗಡಿಯಲ್ಲಿ ನೋಡುವುದು ಬೇರೆ, ಮನೆಯಲ್ಲಿ ಇಟ್ಟುಕೊಂಡು ಬಾಳುವುದು ಬೇರೆ. ಸೊಸೆ ತರುವಾಗ ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಇದಕ್ಕೂ ಸಲ್ಲುತ್ತದೆ. ಗಾಡಿಯ ತೂಕ 190 ಕೆ.ಜಿ. ಸುಮಾರು. ಓಡುವಾಗ ಆ ತೂಕ ಗೊತ್ತೇ ಆಗುವುದಿಲ್ಲ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಆಮೇಲೆ ಹಿಂದಕ್ಕೆ ಎಳೆಯಬೇಕಾದಾಗ ಗೊತ್ತಾಗುತ್ತದೆ. ಇದಕ್ಕೆ ರಿವರ್ಸ್ ಗೇರಿಲ್ಲವಲ್ಲ! ಹಾಗಾಗಿ ಈ ಗಾಡಿ ಇಟ್ಟುಕೊಂಡವನು ಎಲ್ಲಿ ನಿಲ್ಲಿಸಬೇಕೆಂದು ಮೊದಲು ಯೋಚಿಸಿ ಆಮೇಲೆ ನಿಲ್ಲಿಸುತ್ತಾನೆ. ಐದುನೂರು ಕಿಲೋಮೀಟರಿಗೊಮ್ಮೆ ಚೈನು ಒರೆಸಿ ಎಣ್ಣೆ ಹಾಕಬೇಕು. ವಾರಕ್ಕೊಮ್ಮೆ ಗಾಳಿ ನೋಡಬೇಕು, ಅದೂ ಟೈರು ತಣ್ಣಗಿರುವಾಗ. ಪೆಟ್ರೋಲು ಲೀಟರಿಗೆ ಮೂವತ್ತೈದರ ಸುಮಾರು ಕೊಡುತ್ತದೆ. ಪಕ್ಕದ ಮನೆಯವರ ಗಾಡಿ ಅರವತ್ತು ಕೊಡುತ್ತದೆ ಎಂಬುದನ್ನು ಮನೆಯಲ್ಲಿ ಆಗಾಗ ಕೇಳಿಸಿಕೊಳ್ಳಬೇಕು. ಷರತ್ತಿನ ಮೊದಲ ಭಾಗವಾಗಿ ಮೂರು ಭಾನುವಾರ ಇದನ್ನೆಲ್ಲ ಮಗನ ಕೈಯಲ್ಲೇ ಮಾಡಿಸಿದೆ. ಟ್ಯೂಬ್‌ಲೆಸ್ ಟೈರಿನ ಪಂಕ್ಚರಿಗೆ ರಬ್ಬರ್ ಬತ್ತಿ ತುರುಕುವುದನ್ನೂ ಕಲಿಸಿದೆ. ಮೊದಲ ಭಾನುವಾರ ಮುಖ ಊದಿಸಿಕೊಂಡಿದ್ದವನು ಮೂರನೆಯ ಭಾನುವಾರ ನನಗಿಂತ ಮುಂಚೆ ಎದ್ದು ಚೈನಿನ ಪಕ್ಕ ಕೂತಿದ್ದ.

ತಂದೆತಾಯಿಗಳು ಕಾನೂನನ್ನೂ ಒಂದಿಷ್ಟು ತಿಳಿದಿರಬೇಕು. ಗೇರಿನ ಗಾಡಿಗೆ ಹದಿನೆಂಟು ತುಂಬಲೇಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಯಸ್ಸಾಗದ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೂ ಸಿಗುವುದಿಲ್ಲ. ‘ನಮ್ಮ ಹುಡುಗ ಎಂಟನೇ ಕ್ಲಾಸಿಗೇ ಬೈಕ್ ಓಡಿಸ್ತಾನೆ’ ಎಂದು ಮದುವೆಮನೆಗಳಲ್ಲಿ ಹೆಮ್ಮೆಯಿಂದ ಹೇಳುವ ಅಪ್ಪಂದಿರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ರಿಂದ ಜಾರಿಯಲ್ಲಿದೆ. ಐಎಸ್‌ಐ ಗುರುತಿಲ್ಲದ, ಫುಟ್‌ಪಾತಿನ ಬುರುಡೆ ಹೆಲ್ಮೆಟ್ ತಲೆಗಲ್ಲ, ಪೊಲೀಸರ ಕಣ್ಣಿಗೆ ಹಾಕಿಕೊಳ್ಳುವಂಥದು.

ಇನ್ನೊಂದು ವಿಷಯ. ಬೈಕಿನವರಿಗೆ ಎಲ್ಲ ದೊಡ್ಡ ರಸ್ತೆಯೂ ತೆರೆದಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷೇಧಿಸಲಾಯಿತು. ಬೈಕಿನವರು ಪಕ್ಕದ ಸರ್ವಿಸ್ ರಸ್ತೆ ಹಿಡಿಯಬೇಕು. ತುಮಕೂರು ದಿಕ್ಕಿನ ಹೆದ್ದಾರಿಗೆ ಆ ತಕರಾರಿಲ್ಲ. ಟೋಲ್ ಗೇಟಿನ ಎಡತುದಿಯಲ್ಲಿ ಬೈಕಿಗೆಂದೇ ಒಂದು ಕಿರುದಾರಿ. ಕಾರಿನವರು ಸಾಲಿನಲ್ಲಿ ನಿಂತು ನೋಡುತ್ತಿರುವಾಗ ಕಾಸು ಕೊಡದೆ ನುಸುಳಿ ಹೋಗುವ ಸುಖವೇ ಸುಖ.

ಆಷಾಢದ ಒಂದು ಶನಿವಾರ ಬೆಳಗಿನ ಐದೂವರೆಗೆ ಹೊರಟೆವು. ಬೆಳಕು ಹರಿಯುವ ಮೊದಲೇ ನೆಲಮಂಗಲ ದಾಟಿದರೆ ಅರ್ಧ ಪ್ರಯಾಣ ಮುಗಿದಂತೆ ಎಂಬುದು ಈ ರಸ್ತೆಯವರೆಲ್ಲ ಬಲ್ಲ ಮಾತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅಲ್ಲಿ ನಿಲ್ಲದೆ ಹೋದವರು ಹಂಪಿ ಸೇರಿದರೂ ಪ್ರವಾಸ ಪೂರ್ತಿಯಾಗಲಿಲ್ಲವೆಂದೇ ನನ್ನ ಅಭಿಪ್ರಾಯ. ಹೊಟ್ಟೆ ಬಿರಿಯೆ ತಿನ್ನುವುದು ಮಾತ್ರ ಬೇಡ. ತಗ್ಗು ಸೀಟಿನಲ್ಲಿ ಒರಗಿ ಕೂತವನಿಗೆ ಬೆಳಗಿನ ಬಿಸಿಲೂ ತುಂಬಿದ ಹೊಟ್ಟೆಯೂ ಸೇರಿದರೆ ಕಣ್ಣು ಎಳೆಯುತ್ತದೆ. ಎರಡು ಇಡ್ಲಿಗೆ ನಿಲ್ಲಿಸಿ ಎದ್ದೆವು.

ಶಿರಾ ಕಳೆದ ಮೇಲೆ ಭೂಮಿಯ ಬಣ್ಣ ಬದಲಾಗುತ್ತದೆ. ತೆಂಗು ಹಿಂದಾಗಿ, ಶೇಂಗಾ ಹೊಲಗಳು, ಜಾಲಿ, ದೂರದಲ್ಲಿ ಬೋಳುಗುಡ್ಡ. ರಸ್ತೆಯ ಪಕ್ಕದಲ್ಲಿ ಕಂಬಳಿ ಹೊದ್ದ ಕುರಿಗಾಹಿಗಳು, ನೂರಾರು ಕುರಿ. ಕುರಿಗಳು ಹಾರ್ನಿಗೆ ಹೆದರಿ ಚದುರುತ್ತವೆ, ಚದುರಿದರೆ ಇನ್ನೂ ಅಪಾಯ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕಾಯುವುದೊಂದೇ ದಾರಿ. ಮಗ ತಾನಾಗಿಯೇ ನಿಲ್ಲಿಸಿದ. ನಾನು ಹಿಂದಿನಿಂದ ಏನೂ ಹೇಳಲಿಲ್ಲ. ಕುರಿಗಾಹಿ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ‘ಎಷ್ಟ್ ಕೊಡುತ್ತಪ್ಪಾ ಲೀಟರಿಗೆ?’ ಅಂದ. ಈ ರಸ್ತೆಯಲ್ಲಿ ಆ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೆಲೆ ಕೇಳುವವರು ಕಡಿಮೆ, ಮೈಲೇಜು ಕೇಳದವರೇ ಇಲ್ಲ.

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಇಪ್ಪತ್ತು ಕಿಲೋಮೀಟರ್ ಒಳಗೆ ಹೋದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಈ ಸೀಮೆಯ ಮಳೆ ಎಂಥದೆಂದು ತಿಳಿಯಲು ಇದೊಂದೇ ಸಾಕು. ಕ್ರೂಸರಿನ ಸ್ವಭಾವಕ್ಕೆ ಇಂಥ ಅಡ್ಡದಾರಿಗಳು ಚೆನ್ನಾಗಿ ಹೊಂದುತ್ತವೆ. ಅದು ಆತುರದವರ ಗಾಡಿಯಲ್ಲವಾದ್ದರಿಂದ ಅರ್ಧ ಗಂಟೆ ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ.

ಹಿರಿಯೂರು ಬಿಟ್ಟ ಮೇಲೆ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಕಾರಿನಲ್ಲಿ ಹೋಗುವವರು ಚಿತ್ರ ನೋಡಿದಂತೆ ನೋಡುತ್ತಾರೆ. ಬೈಕಿನವನಿಗೆ ಅವು ಎಚ್ಚರಿಕೆಯ ಫಲಕ. ಮುಂಗಾರಿನಲ್ಲಿ ಪಶ್ಚಿಮದಿಂದ ಬರುವ ಗಾಳಿ ಮಳೆಯನ್ನು ಮಲೆನಾಡಿನಲ್ಲೇ ಚೆಲ್ಲಿ, ಬರಿಗೈಯಲ್ಲಿ ಈ ಬಯಲಿಗೆ ನುಗ್ಗುತ್ತದೆ. ಉತ್ತರಕ್ಕೆ ಹೋಗುವವನಿಗೆ ಅದು ಎಡಗಡೆಯಿಂದ ಬಡಿಯುತ್ತದೆ. ಗಾಡಿ ಗಾಳಿಯ ಕಡೆಗೇ ಸ್ವಲ್ಪ ವಾಲಿಕೊಂಡು, ಹಾಗೆ ವಾಲಿಕೊಂಡೇ ನೇರ ಹೋಗುತ್ತಿರುತ್ತದೆ. ಇದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಒಂದು ಲಾರಿ ಎಡಕ್ಕೆ ಬರುತ್ತದೆ. ಲಾರಿಯ ಮರೆಯಲ್ಲಿ ಗಾಳಿ ಥಟ್ಟನೆ ನಿಲ್ಲುತ್ತದೆ, ವಾಲಿಕೊಂಡಿದ್ದ ಗಾಡಿ ಲಾರಿಯ ಕಡೆಗೆ ಎಳೆದಂತಾಗುತ್ತದೆ. ಲಾರಿ ದಾಟಿದ ಮರುಕ್ಷಣ ಗಾಳಿ ಮತ್ತೆ ಕಪಾಳಕ್ಕೆ ಹೊಡೆದಂತೆ ಹೊಡೆದು ಬಲಕ್ಕೆ ತಳ್ಳುತ್ತದೆ. ಮಾಮೂಲಿ ಬೈಕಿನಲ್ಲಾದರೆ ಮೊಣಕಾಲಿನಿಂದ ಟ್ಯಾಂಕನ್ನು ಅವಚಿಕೊಂಡು ಮುಂದಕ್ಕೆ ಬಾಗಬಹುದು. ಕ್ರೂಸರಿನಲ್ಲಿ ಕಾಲು ಮುಂದಿದೆ, ಎದೆ ನೆಟ್ಟಗಿದೆ, ಮೈಯೇ ಹಾಯಿಪಟ. ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದಷ್ಟೂ ಗಾಡಿ ಹೆಚ್ಚು ತೂರಾಡುತ್ತದೆ. ಮೊಣಕೈ ಸಡಿಲ ಬಿಡಬೇಕು, ವೇಗ ಇಳಿಸಬೇಕು, ಲಾರಿ ದಾಟುವ ಮುಂಚೆಯೇ ಮುಂದಿನ ಹೊಡೆತಕ್ಕೆ ಸಿದ್ಧನಾಗಿರಬೇಕು.

ಇದನ್ನು ಬಾಯಲ್ಲಿ ಹೇಳಿ ಕಲಿಸಲು ಬರುವುದಿಲ್ಲ. ಮೊದಲ ಲಾರಿಗೆ ಮಗನ ಭುಜ ಕಲ್ಲಿನಂತೆ ಬಿಗಿಯಾದದ್ದು ಹಿಂದೆ ಕೂತ ನನಗೆ ಗೊತ್ತಾಯಿತು. ಎರಡನೆಯದಕ್ಕೂ ಹಾಗೆಯೇ. ಐದನೆಯದೋ ಆರನೆಯದೋ ದಾಟುವಾಗ ಭುಜ ಇಳಿಯಿತು. ಎಂಬತ್ತರಲ್ಲಿ ಇದ್ದವನು ಅರವತ್ತಕ್ಕೆ ಬಂದಿದ್ದ. ಚಿತ್ರದುರ್ಗದ ಬಳಿ ಟೀ ಕುಡಿಯಲು ನಿಲ್ಲಿಸಿದಾಗ, ‘ಅಪ್ಪ, ನೀವು ಒಬ್ಬರೇ ಬರ್ತಿದ್ದಾಗ ಇದೆಲ್ಲ ಮನೇಲಿ ಹೇಳ್ತಾನೇ ಇರ್ಲಿಲ್ವಲ್ಲ?’ ಅಂದ. ಅಮ್ಮನಿಗೆ ಹೇಳಿದ್ದರೆ ಗಾಡಿ ಉಳಿಯುತ್ತಿತ್ತೇ ಎಂದೆ. ಇಬ್ಬರೂ ನಕ್ಕೆವು.

ಅಲ್ಲೇ ಟೀ ಅಂಗಡಿಯ ಬೆಂಚಿನ ಮೇಲೆ ಅವನಿಗೆ ಒಂದು ಲೆಕ್ಕ ಹಾಕಲು ಹೇಳಿದೆ. ಎಂಜಿನಿಯರಿಂಗ್ ಓದುವ ಹುಡುಗ, ಪಿಯುಸಿಯ ಭೌತಶಾಸ್ತ್ರ ಮರೆತಿರಲಿಲ್ಲ. ಗಂಟೆಗೆ ಎಂಬತ್ತು ಅಂದರೆ ಸೆಕೆಂಡಿಗೆ ಇಪ್ಪತ್ತೆರಡು ಮೀಟರ್. ಎದುರಿಗೆ ಎಮ್ಮೆ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ಬ್ರೇಕು ಹಿಡಿಯುವ ಮೊದಲೇ ಇಪ್ಪತ್ತೆರಡು ಮೀಟರ್ ಹೋಗಿರುತ್ತದೆ. ಒಣರಸ್ತೆ, ಒಳ್ಳೆಯ ಟೈರು, ವೇಗ ಸೆಕೆಂಡಿಗೆ ಆರು ಮೀಟರಿನಂತೆ ಇಳಿಯಿತೆಂದುಕೊಂಡರೆ ನಿಲ್ಲಲು ಇನ್ನೂ ನಲವತ್ತೊಂದು. ಒಟ್ಟು ಅರವತ್ಮೂರು ಮೀಟರ್. ನೂರರ ವೇಗಕ್ಕೆ ಇದೇ ಲೆಕ್ಕ ತೊಂಬತ್ತೆರಡು. ಅರವತ್ತರಲ್ಲಿ ನಲವತ್ತು. ಇಷ್ಟಕ್ಕೂ ಎಂಬತ್ತರ ಬದಲು ನೂರರಲ್ಲಿ ಹೋದರೆ ನೂರು ಕಿಲೋಮೀಟರಿಗೆ ಉಳಿಯುವುದು ಹದಿನೈದು ನಿಮಿಷ. ಅವನು ಮೊಬೈಲಿನಲ್ಲಿ ಲೆಕ್ಕ ಹಾಕಿ, ಮತ್ತೊಮ್ಮೆ ಹಾಕಿ, ‘ಎಬಿಎಸ್ ಇದೆಯಲ್ಲಪ್ಪ’ ಅಂದ. ಇದೆ, 125 ಸಿ.ಸಿ.ಗಿಂತ ದೊಡ್ಡ ಬೈಕುಗಳಿಗೆಲ್ಲ 2019ರಿಂದ ಅದು ಕಡ್ಡಾಯ. ಅದು ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ, ಎಮ್ಮೆಯನ್ನು ಪಕ್ಕಕ್ಕೆ ಸರಿಸುವುದಿಲ್ಲ.

ಚಿತ್ರದುರ್ಗದಲ್ಲಿ ಪುಣೆಯ ರಸ್ತೆ ಬಿಟ್ಟು ಹೊಸಪೇಟೆಯ ಕಡೆಗೆ ತಿರುಗಿದರೆ ವಾಹನ ಸಂಚಾರ ತಟಕ್ಕನೆ ಕಡಿಮೆಯಾಗುತ್ತದೆ. ಕೋಟೆಗೆ ಹೋಗಲಿಲ್ಲ, ಓಬವ್ವನ ಕಿಂಡಿಯನ್ನು ಹೆಲ್ಮೆಟ್ಟು, ಜಾಕೆಟ್ಟು, ಬೂಟು ಹೊತ್ತುಕೊಂಡು ನೋಡುವಂಥದಲ್ಲ. ಕೂಡ್ಲಿಗಿಯ ಕಡೆಗಿನ ಈ ನೂರ ಮೂವತ್ತು ಚಿಲ್ಲರೆ ಕಿಲೋಮೀಟರ್, ನನ್ನ ಮಟ್ಟಿಗೆ, ಕ್ರೂಸರಿಗೆಂದೇ ಹಾಸಿದಂಥ ದಾರಿ. ಕಣ್ಣು ಹೋದಷ್ಟೂ ನೇರ, ಅಗಲ, ಎರಡೂ ಕಡೆ ಬಯಲು. ಎಪ್ಪತ್ತರಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ಗೊಣಗಿಕೊಂಡು ಹೋಗುತ್ತಿರುತ್ತದೆ, ಮಾತಾಡಲು ಬರುತ್ತದೆ, ಹಾಡಲೂ ಬರುತ್ತದೆ.

ಇಷ್ಟೆಲ್ಲ ಹೊಗಳಿದರೂ ಹಿಂದಿನ ಸೀಟಿನ ಬಗ್ಗೆ ನಿಜ ಹೇಳಲೇಬೇಕು. ಕ್ರೂಸರನ್ನು ಮಾಡಿದವರು ಒಬ್ಬನ ಸುಖಕ್ಕೆ ಮಾಡಿದ್ದಾರೆ. ಹಿಂದೆ ಕೂತವನ ಸೀಟು ಒಂದು ಗೇಣು ಎತ್ತರ, ಮುಷ್ಟಿಯಗಲ ಕಿರಿದು. ಓಡಿಸುವವನಿಗೂ ಕಷ್ಟ ಇಲ್ಲದಿಲ್ಲ. ಮಾಮೂಲಿ ಬೈಕಿನಲ್ಲಿ ಗುಂಡಿ ಬಂದರೆ ಕಾಲ ಮೇಲೆ ಭಾರ ಹಾಕಿ ಸ್ವಲ್ಪ ಏಳಬಹುದು. ಇಲ್ಲಿ ಕಾಲು ಮುಂದಿರುವುದರಿಂದ ಏಳಲು ಬಾರದು, ಹೊಡೆತವೆಲ್ಲ ನೇರ ಬೆನ್ನುಮೂಳೆಗೆ. ಅರವತ್ತೆಪ್ಪತ್ತು ಕಿಲೋಮೀಟರಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕದಿದ್ದರೆ ಸಂಜೆಗೆ ಸೊಂಟ ತನ್ನ ಲೆಕ್ಕ ಕೇಳುತ್ತದೆ. ನಾವು ಕೂಡ್ಲಿಗಿ ಸೇರುವಷ್ಟರಲ್ಲಿ ಐದು ಸಲ ಇಳಿದಿದ್ದೆವು. ಅಲ್ಲಿನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು, ಮರದ ಕೆಳಗೆ ಒಂದು ಗಂಟೆ ಮಲಗಿದೆವು. ಖಾನಾವಳಿಯ ಯಜಮಾನರು, ‘ಅಪ್ಪಾ ಮಗಾ ಇಬ್ರೂ ಒಂದ ಗಾಡಿ ಮ್ಯಾಲ ಬೆಂಗ್ಳೂರಿಂದ ಬಂದೀರಿ? ಬಸ್ ಇದ್ದಿಲ್ಲೇನ್ರಿ?’ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ.

ಮಾಗಿಯಲ್ಲಿ ಬರುವವರಿಗೆ ಇನ್ನೊಂದು ಎಚ್ಚರ. ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಇಳಿದರೆ ರಾಗಿಯನ್ನೋ ಹುರುಳಿಯನ್ನೋ ಒಕ್ಕಲೆಂದು ಡಾಂಬರಿನ ಮೇಲೆ ಹರಡಿರುತ್ತಾರೆ. ಬಸ್ಸು, ಲಾರಿಗಳೇ ಅವರಿಗೆ ರೋಣಗಲ್ಲು. ನಾಲ್ಕು ಚಕ್ರದವರಿಗೆ ಅದು ಮೆತ್ತನೆಯ ಹಾಸಿಗೆ. ಎರಡು ಚಕ್ರಕ್ಕೆ ಹುರುಳಿಕಾಳಿನ ಮೇಲೆ ಬ್ರೇಕು ಹಿಡಿದರೆ ಮುಂದಿನ ಕೆಲಸ ಆಸ್ಪತ್ರೆಯವರದ್ದು. ಬ್ರೇಕು, ತಿರುವು ಎರಡೂ ಇಲ್ಲದೆ, ಮೊದಲೇ ವೇಗ ಇಳಿಸಿ ನೇರವಾಗಿ ದಾಟಬೇಕು. ಹೊಸಪೇಟೆಗೆ ಸ್ವಲ್ಪ ಮೊದಲು ಗುಡ್ಡ ಕೊರೆದ ಸುರಂಗವಿದೆ. ಬಿಸಿಲಿನಿಂದ ಒಳಗೆ ನುಗ್ಗುವ ಮುನ್ನ ಕಪ್ಪು ಕನ್ನಡಕ ತೆಗೆದಿರಬೇಕು, ಒಳಗೆ ಹೋದ ಮೇಲಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಹೊಸಪೇಟೆ, ಐದಕ್ಕೆ ಹೇಮಕೂಟದ ಬಂಡೆಯ ಮೇಲೆ ಇದ್ದೆವು. ಹಂಪಿಯ ಬಗ್ಗೆ ನಾನು ಹೊಸದಾಗಿ ಬರೆಯುವಂಥದು ಏನಿಲ್ಲ. ಬೈಕಿನವರಿಗೆ ಹೇಳಬೇಕಾದದ್ದು ಇಷ್ಟೆ: ವಿಜಯವಿಠ್ಠಲ ಗುಡಿಯವರೆಗೆ ಗಾಡಿ ಬಿಡುವುದಿಲ್ಲ, ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲೋ ನಡೆದೋ ಹೋಗಬೇಕು. ನಡೆಯುವುದೇ ಒಳ್ಳೆಯದು, ದಿನವೆಲ್ಲ ಕೂತ ಕಾಲಿಗೆ. ಮರುದಿನ ಬುಕ್ಕಸಾಗರದ ಸೇತುವೆ ದಾಟಿ ಆನೆಗೊಂದಿಯ ಬತ್ತದ ಗದ್ದೆಗಳ ನಡುವೆ ನಲವತ್ತರ ವೇಗದಲ್ಲಿ ಸುತ್ತಿದೆವು. ಆ ದಿನ ನಾನು ಓಡಿಸಿದೆ, ಅವನು ಹಿಂದೆ ಕೂತ. ಹತ್ತು ನಿಮಿಷಕ್ಕೆ ಅವನ ಬಾಯಿಂದ ಬಂದ ಮಾತು: ‘ಅಪ್ಪ, ನಿನ್ನೆ ಇಡೀ ದಿನ ಈ ಸೀಟಲ್ಲಿ ಹೇಗೆ ಕೂತಿದ್ರಿ?’

ವಾಪಸು ಬರುವಾಗ ಹಿರಿಯೂರಿನ ಹತ್ತಿರ ಮಳೆ ಹಿಡಿಯಿತು. ಮನೆ ತಲುಪಲು ಇನ್ನು ನೂರ ಅರವತ್ತೇ ಕಿಲೋಮೀಟರ್, ಮರುದಿನ ಅವನಿಗೆ ಕಾಲೇಜು. ಸಂಜೆ ಐದೂವರೆ. ಏನು ಮಾಡುತ್ತಾನೆ ನೋಡೋಣ ಎಂದು ಸುಮ್ಮನಿದ್ದೆ. ಒಂದು ಪೆಟ್ರೋಲ್ ಬಂಕಿನ ಸೂರಿನ ಕೆಳಗೆ ನಿಲ್ಲಿಸಿದ. ಅರ್ಧ ಗಂಟೆ ಆಕಾಶ ನೋಡಿದ. ಆಮೇಲೆ, ‘ಕತ್ತಲಾಗುತ್ತೆ, ಇಲ್ಲೇ ಲಾಡ್ಜ್ ನೋಡೋಣ, ಬೆಳಗ್ಗೆ ಹೋಗೋಣ’ ಅಂದ. ಅವನ ಅಮ್ಮನಿಗೆ ಫೋನು ಮಾಡಿ ನಾನು ಹೇಳಿದ್ದು ಅದೊಂದೇ ವಿಷಯ. ಅವಳು ಒಂದು ಕ್ಷಣ ಸುಮ್ಮನಿದ್ದು, ‘ಅವನೇ ಹೇಳಿದನಾ?’ ಎಂದು ಕೇಳಿದಳು.

ಬಾದಾಮಿಗೆ ಅವನು ಹೋದದ್ದು ಡಿಸೆಂಬರಿನಲ್ಲಿ, ಮೂವರು ಗೆಳೆಯರು, ಮೂರು ಗಾಡಿ. ಕತ್ತಲಾದ ಮೇಲೆ ಓಡಿಸುವುದಿಲ್ಲ, ಪೆಟ್ರೋಲ್ ಹಾಕಿಸಿದಾಗಲೆಲ್ಲ ಒಂದು ಫೋನು, ದಿನಕ್ಕೆ ಮುನ್ನೂರೈವತ್ತು ಮೀರುವಂತಿಲ್ಲ ಎಂದು ಮಾತಾಗಿತ್ತು. ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112 ಮತ್ತು 108 ಎಂದು ಚೀಟಿ ಬರೆದು ಅವನ ಅಮ್ಮ ಜಾಕೆಟ್ಟಿನ ಜೇಬಿಗೆ ಹಾಕಿದಳು, ಮೊಬೈಲಿನಲ್ಲಿ ಇದೆ ಅಂದರೂ ಕೇಳಲಿಲ್ಲ. ಮೊದಲ ಫೋನು ಶಿರಾದಿಂದ ಬಂತು. ಎರಡನೆಯದು ಹೊಸಪೇಟೆಯಿಂದ, ರಾತ್ರಿ ಅಲ್ಲೇ ಉಳಿಯುತ್ತೇವೆಂದು. ಮರುದಿನ ಹನ್ನೊಂದಾದರೂ ಫೋನಿಲ್ಲ. ಅವನ ಅಮ್ಮ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿದಳು. ನಾನು ಪೇಪರ್ ಹಿಡಿದು ಕೂತಿದ್ದೆ, ಒಂದು ಸಾಲೂ ಓದಲಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಗಂಟೆ ಬಾರಿಸಿತು. ಕುಷ್ಟಗಿಯಲ್ಲಿ ಇದ್ದಾರಂತೆ. ಗೆಳೆಯನೊಬ್ಬನ ಗಾಡಿಯ ಟೈರಿಗೆ ಮೊಳೆ ಹೊಕ್ಕು, ಬತ್ತಿ ತುರುಕಿ ಗಾಳಿ ತುಂಬಿಸುವಷ್ಟರಲ್ಲಿ ತಡವಾಯಿತಂತೆ. ‘ನಾನೇ ಹಾಕ್ದೆ ಅಪ್ಪ, ಹತ್ತು ನಿಮಿಷ ಹಿಡೀತು ಅಷ್ಟೆ. ಇಲ್ಲಿ ಮಿರ್ಚಿ ತಿಂತಾ ಇದೀವಿ. ಅಮ್ಮನಿಗೆ ಹೇಳಿ.’